ಇಲ್ಲಿ ಆ ಹೆಸರಿನವರು ಯಾರೂ ಇಲ್ಲ

ಹೋದ ವರ್ಷ ಮಳೆಗಾಲದಲ್ಲಿ ಒಂದು ರಾತ್ರಿ ಎದುರುಮನೆ ಅಕ್ಕ ನಮ್ಮ ಬಾಗಿಲು ಬಡಿದರು. ಗಂಟೆ ಹತ್ತೂವರೆ ದಾಟಿತ್ತು. ಅವರ ಮಗನನ್ನು ಪೊಲೀಸರು ಎತ್ತಾಕಿಕೊಂಡು ಹೋಗಿದ್ದಾರೆ ಅಂತ ಅವನ ಗೆಳೆಯ ಫೋನ್ ಮಾಡಿದ್ದನಂತೆ. ಹತ್ತು ಗಂಟೆಗೆ, ಟೀ ಅಂಗಡಿ ಮುಂದೆ. ಯಾಕೆ ಅಂತ ಅವನಿಗೂ ಗೊತ್ತಿರಲಿಲ್ಲ. ಅಕ್ಕ ನೈಟಿ ಮೇಲೆ ಒಂದು ಶಾಲು ಹೊದ್ದು ಹಾಗೇ ಬಂದಿದ್ದರು.

ಇಬ್ಬರೂ ಸ್ಟೇಷನ್ನಿಗೆ ಹೋದೆವು. ರೈಟರ್ ಹುಡುಗನ ಹೆಸರು ಕೇಳಿದ. ಮುಂದಿದ್ದ ಪುಸ್ತಕ ತೆರೆದೂ ನೋಡದೆ, "ಇಲ್ಲಿ ಆ ಹೆಸರಿನವರು ಯಾರೂ ಇಲ್ಲಮ್ಮ" ಅಂದ. ಜೋರು ಮಾಡಲಿಲ್ಲ, ಬೈಯಲೂ ಇಲ್ಲ. ಬಸ್ ಹೊರಟು ಹೋಯಿತು ಅಂತ ಹೇಳುವ ಕಂಡಕ್ಟರ್ ಥರ ಹೇಳಿದ.

ಹೊರಗೆ ಬಂದರೆ ಕಾಂಪೌಂಡಿನಲ್ಲಿ ಹುಡುಗನ ಸ್ಕೂಟರ್ ನಿಂತಿದೆ! ಸೀಟು ಹರಿದ ಕಡೆ ಅಕ್ಕನೇ ಅಂಟಿಸಿದ್ದ ಕಪ್ಪು ಟೇಪು. ಅಕ್ಕ ಒದ್ದೆ ಸೀಟನ್ನು ಸೆರಗಿನ ಥರ ಶಾಲಿನ ತುದಿಯಿಂದ ಒರೆಸಿ, ಮತ್ತೆ ಒಳಗೆ ಹೋಗಿ, "ಗಾಡಿ ಇಲ್ಲೇ ಇದೆಯಲ್ಲ ಸಾರ್" ಅಂದರು.

"ಗಾಡಿ ಇದೆ. ಹುಡುಗ ಇಲ್ಲ," ಅಂದ ರೈಟರ್.

ದೊಡ್ಡ ಅನಾಹುತ ಏನೂ ಆಗಲಿಲ್ಲ. ಬೆಳಗಾಗುವಷ್ಟರಲ್ಲಿ ಹುಡುಗ ಸಿಕ್ಕಿದ. ಆದರೆ ಆ ರಾತ್ರಿ ಸ್ಟೇಷನ್ನಿನ ಮರದ ಬೆಂಚಿನ ಮೇಲೆ ಕೂತು ನಾನು ಯೋಚನೆ ಮಾಡಿದ್ದು ಇನ್ನೊಬ್ಬ ಹುಡುಗನ ಬಗ್ಗೆ. ಅವನ ವಿಷಯದಲ್ಲಿ ಇದೇ ಮಾತನ್ನು ಒಂದು ರಾಜ್ಯ ಸರ್ಕಾರವೇ ಹೈಕೋರ್ಟಿಗೆ ಬರೆದುಕೊಟ್ಟಿತ್ತು.

ಆ ಹುಡುಗ ಪಿ. ರಾಜನ್. ಕಲ್ಲಿಕೋಟೆಯ ರೀಜನಲ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೇ ವರ್ಷ ಓದುತ್ತಿದ್ದ. ತುರ್ತು ಪರಿಸ್ಥಿತಿ ಜಾರಿಯಲ್ಲಿದ್ದ ಕಾಲ. 1976ರ ಫೆಬ್ರವರಿ 28ರ ರಾತ್ರಿ ನಕ್ಸಲರು ಕಾಯಣ್ಣ ಅನ್ನುವ ಊರಿನ ಪೊಲೀಸ್ ಠಾಣೆ ಮೇಲೆ ದಾಳಿ ಮಾಡಿದರು. ಮಾರ್ಚ್ 1ರ ಬೆಳಗಿನ ಜಾವ ಪೊಲೀಸರು ಹಾಸ್ಟೆಲಿಗೆ ಬಂದು ರಾಜನ್‌ನನ್ನು ವ್ಯಾನಿಗೆ ಹತ್ತಿಸಿಕೊಂಡು ಹೋದರು. ಹಾಸ್ಟೆಲಿನ ಹುಡುಗರು ನೋಡಿದರು. ಕಾಲೇಜಿನವರಿಗೂ ತಿಳಿಯಿತು. ಕಾಲೇಜು ಯುವಜನೋತ್ಸವ ಮುಗಿಸಿ ಆಗಷ್ಟೇ ವಾಪಸ್ ಬಂದಿದ್ದ ಹುಡುಗ.

ಆಗ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು ಪ್ರೊ. ಕೆ.ಎಂ. ಬಹಾವುದ್ದೀನ್. ಅವರು ಒಂದು ಸಣ್ಣ ಕೆಲಸ ಮಾಡಿದರು. ನಿಮ್ಮ ಮಗನನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದಾರೆ ಅಂತ ರಾಜನ್‌ನ ತಂದೆಗೆ ರಿಜಿಸ್ಟರ್ ಪೋಸ್ಟಿನಲ್ಲಿ ಒಂದು ಪತ್ರ ಹಾಕಿದರು. ಅಷ್ಟೇ. ಪತ್ರಿಕೆಗಳಿಗೆ ಸೆನ್ಸಾರ್ ಇದ್ದ ಕಾಲ, ಬಾಯಿ ಬಿಟ್ಟರೆ ಕೆಲಸ ಹೋಗುವ ಕಾಲ. ಸುಮ್ನೆ ಇದ್ದಿದ್ದರೆ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಆದರೆ ಆ ಪತ್ರ ಇಲ್ಲದೆ ಹೋಗಿದ್ದರೆ ಮುಂದೆ ಕೋರ್ಟಿನಲ್ಲಿ ತಂದೆ ಏನನ್ನು ಹಿಡಿದುಕೊಂಡು ನಿಲ್ಲಬೇಕಿತ್ತು?

ತಂದೆ ಟಿ.ವಿ. ಈಚರ ವಾರಿಯರ್. ಹಿಂದಿ ಮೇಷ್ಟ್ರು. ಮಗನನ್ನು ಹುಡುಕಿಕೊಂಡು ಅವರು ಸ್ಟೇಷನ್ನಿನಿಂದ ಸ್ಟೇಷನ್ನಿಗೆ, ಜೈಲಿನಿಂದ ಜೈಲಿಗೆ, ಆಫೀಸಿನಿಂದ ಆಫೀಸಿಗೆ ಒಂದು ವರ್ಷ ತಿರುಗಿದರು. ಗೃಹ ಮಂತ್ರಿ ಕೆ. ಕರುಣಾಕರನ್ ಅವರನ್ನು ಕಂಡರು. ಮುಖ್ಯಮಂತ್ರಿ ಅಚ್ಯುತ ಮೇನನ್ ಅವರನ್ನು ಕಂಡರು. ಅರ್ಜಿ ಮೇಲೆ ಅರ್ಜಿ ಬರೆದರು. ಎಲ್ಲ ಕಡೆಯೂ ಸಿಕ್ಕಿದ್ದು ನಮ್ಮ ರೈಟರ್ ಕೊಟ್ಟ ಉತ್ತರವೇ, ಸ್ವಲ್ಪ ಒಳ್ಳೆಯ ಭಾಷೆಯಲ್ಲಿ.

ಇಷ್ಟು ಹೊತ್ತಿಗೆ ರಾಜನ್ ಬದುಕಿರಲಿಲ್ಲ. ಕಕ್ಕಯಂನಲ್ಲಿ ಕ್ರೈಂ ಬ್ರಾಂಚಿನವರು ಒಂದು ಕ್ಯಾಂಪ್ ಮಾಡಿಕೊಂಡಿದ್ದರು. ಹುಡುಗರನ್ನು ಅಲ್ಲಿಗೆ ತಂದು ಬೆಂಚಿನ ಮೇಲೆ ಮಲಗಿಸಿ, ಕೈಕಾಲು ಕಟ್ಟಿ, ತೊಡೆಯ ಮೇಲೆ ಭಾರದ ಮರದ ಉರುಳೆಯನ್ನು ಒತ್ತಿ ಉರುಳಿಸುತ್ತಿದ್ದರು. ಮಲಯಾಳದಲ್ಲಿ ಅದಕ್ಕೆ 'ಉರುಟ್ಟಲ್' ಅನ್ನುತ್ತಾರೆ. ಕನ್ನಡದವರಿಗೆ ಅರ್ಥ ಹೇಳಬೇಕಾಗಿಲ್ಲ, ಉರುಳಿಸೋದು. ಚಪಾತಿ ಹಿಟ್ಟಿಗೂ ಅದೇ ಮಾತು, ಮನುಷ್ಯರ ತೊಡೆಗೂ ಅದೇ ಮಾತು. ಹಿಡಿದುಕೊಂಡು ಹೋದ ಮಾರನೇ ದಿನವೇ, ಮಾರ್ಚ್ 2ರಂದು, ಹುಡುಗ ಸತ್ತ. ಹೆಣ ಈವತ್ತಿಗೂ ಸಿಕ್ಕಿಲ್ಲ.

ಹಾಗಾದರೆ ತಂದೆ ಆಗಲೇ ಕೋರ್ಟಿಗೆ ಯಾಕೆ ಹೋಗಲಿಲ್ಲ ಅಂತ ಅನ್ನಿಸುತ್ತದೆ ಅಲ್ವಾ? ಅದಕ್ಕೆ ದೆಹಲಿ ಕಡೆ ಸ್ವಲ್ಪ ನೋಡಬೇಕು.

ಹೇಬಿಯಸ್ ಕಾರ್ಪಸ್ ಅನ್ನುವ ಅರ್ಜಿ ಕೇಳುವುದು ತೀರಾ ಸರಳವಾದ ಒಂದು ಪ್ರಶ್ನೆ. ಈ ಮನುಷ್ಯ ಎಲ್ಲಿ? ಕರೆದುಕೊಂಡು ಬಂದು ಜಡ್ಜ್ ಮುಂದೆ ನಿಲ್ಲಿಸಿ. ಅಪರಾಧಿಯೋ ನಿರಪರಾಧಿಯೋ ಆಮೇಲೆ ನೋಡೋಣ, ಮೊದಲು ಆಳನ್ನು ತೋರಿಸಿ. ತುರ್ತು ಪರಿಸ್ಥಿತಿಯಲ್ಲಿ, ವಿಚಾರಣೆ ಇಲ್ಲದೆ ಒಳಗಿಡಲು ಬಿಡುವ ಮಿಸಾ ಕಾಯ್ದೆಯಡಿ ಜನರನ್ನು ಒಳಗೆ ಹಾಕಿದಾಗ ದೇಶದ ಎಲ್ಲ ಕಡೆಯಿಂದ ಇಂಥ ಅರ್ಜಿಗಳು ಬಂದವು. ಒಂಬತ್ತು ಹೈಕೋರ್ಟುಗಳು, ಈ ಅರ್ಜಿ ಕೇಳುವ ಅಧಿಕಾರ ನಮಗೆ ಇದ್ದೇ ಇದೆ ಅಂದವು. ಅದರಲ್ಲಿ ನಮ್ಮ ಕರ್ನಾಟಕದ್ದೂ ಒಂದು. ಸಂಸದೀಯ ಸಮಿತಿಯ ಸಭೆಗೆ ಅಂತ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಅವರನ್ನು 1975ರ ಜೂನ್ 26ರಂದು ಇಲ್ಲೇ ಬಂಧಿಸಿದ್ದರು. ಅವರ ಅರ್ಜಿಗಳು ನಮ್ಮ ಹೈಕೋರ್ಟಿಗೆ ಬಂದಿದ್ದವು. ಅವನ್ನು ಕೇಳಿದ ನ್ಯಾಯಮೂರ್ತಿಗಳು ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ. ಆಮೇಲೆ ಚಂದ್ರಶೇಖರ್ ಅವರಿಗೆ ಅಲಹಾಬಾದಿಗೆ, ಸದಾನಂದಸ್ವಾಮಿ ಅವರಿಗೆ ಗುವಾಹಟಿಗೆ ವರ್ಗ ಆಯಿತು. ಕಾಗದದ ಮೇಲೆ ಅದು ಬರೀ ವರ್ಗಾವಣೆ.

ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಐದು ಜನರ ಪೀಠ. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಒಂದು ಮಾತು ಕೇಳಿದರು: ಒಬ್ಬ ಪೊಲೀಸ್ ಅಧಿಕಾರಿ ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದುಹಾಕಿದರೆ, ಆಗಲೂ ಕೋರ್ಟಿನಲ್ಲಿ ಪರಿಹಾರ ಇಲ್ಲವೇ? ತುರ್ತು ಪರಿಸ್ಥಿತಿ ಇರುವ ತನಕ ಇಲ್ಲ ಅಂದರು ಡೇ. 1976ರ ಏಪ್ರಿಲ್ 28ರಂದು ತೀರ್ಪು ಬಂತು. ನಾಲ್ಕು ಜನ ಸರ್ಕಾರದ ಕಡೆ, ಖನ್ನಾ ಒಬ್ಬರೇ ಇನ್ನೊಂದು ಕಡೆ. ತುರ್ತು ಪರಿಸ್ಥಿತಿ ಇರುವ ತನಕ ಹೇಬಿಯಸ್ ಕಾರ್ಪಸ್ ಅರ್ಜಿ ನಡೆಯುವುದಿಲ್ಲ ಅಂತ ಆಯಿತು. ಬಂಧಿಗಳನ್ನು ಸರ್ಕಾರ ಚೆನ್ನಾಗಿ ನೋಡಿಕೊಳ್ಳುತ್ತಿದೆ, ಅದು ಹೆಚ್ಚುಕಡಿಮೆ ತಾಯಿಯ ಕಾಳಜಿಯ ಹಾಗಿದೆ ಅಂತ ನ್ಯಾಯಮೂರ್ತಿ ಬೇಗ್ ತೀರ್ಪಿನಲ್ಲಿ ಬರೆದರು.

ತಾಯಿಯ ಕಾಳಜಿ. ಏಪ್ರಿಲ್ 28 ಬುಧವಾರ. ಆ ವಾರದ ಶನಿವಾರ, ಮೇ 1ರಂದು, ಬೆಂಗಳೂರಿನ ರಿಚ್ಮಂಡ್ ಟೌನಿನ ಒಂದು ಮನೆಗೆ ಪೊಲೀಸರು ಬಂದರು.

ಅದು ಆಲಿಸ್ ಫರ್ನಾಂಡಿಸ್ ಅವರ ಮನೆ. ದೊಡ್ಡ ಮಗ ಜಾರ್ಜ್ ಫರ್ನಾಂಡಿಸ್ ಭೂಗತನಾಗಿ ಓಡಾಡುತ್ತಿದ್ದ. 1974ರ ರೈಲ್ವೆ ಮುಷ್ಕರ ನಡೆಸಿದ ಮಂಗಳೂರಿನ ಜಾರ್ಜ್. ಇನ್ನೊಬ್ಬ ಮಗ ಮೈಕೆಲ್ ಆಗಲೇ ಜೈಲಿನಲ್ಲಿದ್ದ. ಮನೆಯಲ್ಲಿ ಸಿಕ್ಕಿದವನು ಲಾರೆನ್ಸ್. ರಾಜಕೀಯದ ಗೊಡವೆಗೆ ಅಷ್ಟಾಗಿ ಹೋಗದವನು. ಸ್ವಲ್ಪ ವಿಚಾರಿಸುವುದಿದೆ ಅಂತ ಕರೆದುಕೊಂಡು ಹೋದರು. ಜಾರ್ಜ್ ಎಲ್ಲಿ, ಅದೊಂದೇ ಪ್ರಶ್ನೆ. ಲಾಠಿಗಳು ಮುರಿಯುವ ತನಕ ಹೊಡೆದರು, ಆಮೇಲೆ ಆಲದ ಮರದ ಬಿಳಲಿನಿಂದ ಹೊಡೆದರು.

ನನಗೆ ಆ ಬಿಳಲು ಬಹಳ ದಿನ ತಲೆಯಿಂದ ಹೋಗಲಿಲ್ಲ. ಚಿಕ್ಕವರಿದ್ದಾಗ ನಾವೆಲ್ಲ ಹಿಡಿದು ಜೋತಾಡಿದ್ದು ಅದನ್ನೇ.

ಮನೆಯವರು ಹುಡುಕುತ್ತಿದ್ದರು. ಎಲ್ಲಿ ಕೇಳಿದರೂ ಗೊತ್ತಿಲ್ಲ. ಹತ್ತು ದಿನದ ಹೊತ್ತಿಗೆ ಲಾರೆನ್ಸ್‌ನನ್ನು ದಾವಣಗೆರೆಗೆ ಸಾಗಿಸಿ ಅಲ್ಲಿನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರು. ಕಾಗದದಲ್ಲಿ ಬರೆದದ್ದು, ಆಗಷ್ಟೇ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಹಿಡಿದೆವು ಅಂತ. ಹಾಗಾದರೆ ಮೇ 1ರಿಂದ ಅಲ್ಲಿಯ ತನಕ ಅವನು ಎಲ್ಲಿದ್ದ? ಕಾಗದದ ಪ್ರಕಾರ ಎಲ್ಲೂ ಇರಲಿಲ್ಲ. ಹೊಡೆತವೂ ಬಿದ್ದಿರಲಿಲ್ಲ, ಯಾಕೆ ಅಂದರೆ ಹೊಡೆದ ದಿನಗಳೇ ಲೆಕ್ಕದಲ್ಲಿಲ್ಲ. ಬೆಂಗಳೂರು ಜೈಲಿಗೆ ಬಂದಾಗ ಲಾರೆನ್ಸ್‌ಗೆ ಸರಿಯಾಗಿ ನಡೆಯಲೂ ಆಗುತ್ತಿರಲಿಲ್ಲ. ಆಲಿಸ್ ಅವರು ನಡೆದದ್ದನ್ನೆಲ್ಲ ಬರೆದು ರಾಷ್ಟ್ರಪತಿಗೆ ಪತ್ರ ಕಳಿಸಿದರು. ಇಲ್ಲೂ ಒಂದು ಪತ್ರ.

ಮೇ 2ರಂದು ಸ್ನೇಹಲತಾ ರೆಡ್ಡಿ. 'ಸಂಸ್ಕಾರ' ಸಿನಿಮಾದ ಚಂದ್ರಿ ಅಂದರೆ ನಮ್ಮ ಹಿರಿಯರಿಗೆಲ್ಲ ಗೊತ್ತು. ಜಾರ್ಜ್ ಅವರ ಗೆಳೆತನವೇ ತಪ್ಪಾಯಿತು. ಜಾರ್ಜ್ ಮತ್ತಿತರರು ಸ್ಫೋಟಕ್ಕೆ ಸಂಚು ಮಾಡಿದರು ಅನ್ನುವ ಡೈನಮೈಟ್ ಕೇಸಿನ ಹೆಸರಿನಲ್ಲಿ ಹಿಡಿದರು, ಕೊನೆಗೆ ಚಾರ್ಜ್‌ಶೀಟಿನಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮಿಸಾ ಇತ್ತಲ್ಲ, ಬಿಡಲಿಲ್ಲ. ವಿಪರೀತ ಅಸ್ತಮಾ. ಸೆಲ್ಲಿನಲ್ಲಿ ಒಬ್ಬರೇ. ಅದೇ ಜೈಲಿನಲ್ಲಿದ್ದ ಮಧು ದಂಡವತೆ, ರಾತ್ರಿಯ ನಿಶ್ಶಬ್ದದಲ್ಲಿ ಸ್ನೇಹಲತಾ ಅವರ ಕೂಗು ಕೇಳುತ್ತಿತ್ತು ಅಂತ ಆಮೇಲೆ ಬರೆದಿದ್ದಾರೆ. ಉಸಿರು ಸಿಗದ ಹೆಂಗಸು, ಆದರೂ ಜೊತೆಯ ಹೆಣ್ಣು ಕೈದಿಗಳಿಗೆ ಹೊಡೆಯಬಾರದು, ಅವರಿಗೆ ಉಣ್ಣುವಂಥ ಅನ್ನ ಕೊಡಬೇಕು ಅಂತ ಒಳಗೇ ಜಗಳ ಆಡಿದರು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು. ಐದು ದಿನ. ಜೈಲಿನಲ್ಲಿ ಸತ್ತರು ಅಂತ ಯಾವ ರಿಜಿಸ್ಟರಿನಲ್ಲೂ ಬರೆಯಬೇಕಾಗಲಿಲ್ಲ.

ಒಟ್ಟು ಎಷ್ಟು ಜನ ಒಳಗಿದ್ದರು ಅಂತ ಆಮೇಲೆ, ತುರ್ತು ಪರಿಸ್ಥಿತಿಯ ಅತಿರೇಕಗಳ ತನಿಖೆಗೆ ನೇಮಿಸಿದ ಷಾ ಆಯೋಗ ಲೆಕ್ಕ ಹಾಕಿತು. ಮಿಸಾ ಕೆಳಗೆ 34,988. ಭಾರತ ರಕ್ಷಣಾ ಕಾಯ್ದೆ, ನಿಯಮಗಳ ಕೆಳಗೆ 75,818. ಆದರೆ ಇದು ಪುಸ್ತಕಕ್ಕೆ ಏರಿದವರ ಲೆಕ್ಕ. ಕಕ್ಕಯಂ ಕ್ಯಾಂಪಿಗೆ ಪುಸ್ತಕವೇ ಇರಲಿಲ್ಲ.

1977ರ ಮಾರ್ಚ್ 21ರಂದು ತುರ್ತು ಪರಿಸ್ಥಿತಿ ಹೋಯಿತು. ನಾಲ್ಕು ದಿನಕ್ಕೆ, ಮಾರ್ಚ್ 25ರಂದು, ಈಚರ ವಾರಿಯರ್ ಕೇರಳ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅದೇ ದಿನ ಕರುಣಾಕರನ್ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು. ಕತೆಗಾರ ಹೀಗೆ ಬರೆದಿದ್ದರೆ ಜಾಸ್ತಿ ಆಯಿತು ಅನ್ನುತ್ತಿದ್ದೆವು.

ಸರ್ಕಾರದ ಅಫಿಡವಿಟ್ಟುಗಳು ಬಂದವು. ರಾಜನ್‌ನನ್ನು ನಾವು ಬಂಧಿಸಿಯೇ ಇಲ್ಲ. ಮಂತ್ರಿಯೂ ಅದನ್ನೇ ಹೇಳಿದರು, ದೊಡ್ಡ ಪೊಲೀಸ್ ಅಧಿಕಾರಿಗಳೂ ಅದನ್ನೇ ಹೇಳಿದರು. ಈ ಕಡೆ ಏನಿತ್ತು? ಪ್ರಿನ್ಸಿಪಾಲರ ರಿಜಿಸ್ಟರ್ ಪತ್ರ. ವ್ಯಾನ್ ಹತ್ತಿಸಿದ್ದನ್ನು ನೋಡಿದವರ ಮಾತು. ಕ್ಯಾಂಪಿನಲ್ಲಿ ರಾಜನ್‌ನನ್ನು ಕಂಡ, ತಾವೂ ಒದೆ ತಿಂದ ಹುಡುಗರ ಮಾತು. ನ್ಯಾಯಮೂರ್ತಿಗಳಾದ ಸುಬ್ರಮಣಿಯನ್ ಪೋಟಿ ಮತ್ತು ವಿ. ಖಾಲಿದ್ ಇದನ್ನು ನಂಬಿದರು. ಏಪ್ರಿಲ್ 13ರಂದು ತೀರ್ಪು: ಪೊಲೀಸರು ಅವನನ್ನು ಹಿಡಿದದ್ದು ನಿಜ, ಏಪ್ರಿಲ್ 21ಕ್ಕೆ ಕರೆತಂದು ಹಾಜರುಪಡಿಸಿ. ಹಾಜರುಪಡಿಸಲು ಎಲ್ಲಿದ್ದ? ಏಪ್ರಿಲ್ 25ರಂದು ಕರುಣಾಕರನ್ ರಾಜೀನಾಮೆ ಕೊಟ್ಟರು. ಒಬ್ಬ ಹಿಂದಿ ಮೇಷ್ಟ್ರ ಒಂದು ಪ್ರಶ್ನೆಗೆ ತಿಂಗಳೊಪ್ಪತ್ತಿನ ಸರ್ಕಾರ ಬಿತ್ತು. ಆಮೇಲೆ ಬಂದ ಸರ್ಕಾರ, ಹುಡುಗ ಪೊಲೀಸರ ಕೈಯಲ್ಲೇ ಸತ್ತ ಅಂತ ಒಪ್ಪಿಕೊಂಡಿತು.

ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತದೆ. ನಾನೂ ಎಷ್ಟೋ ಸಲ ಗೆಳೆಯರಿಗೆ ಈ ಕತೆ ಇಲ್ಲಿ ತನಕ ಮಾತ್ರ ಹೇಳಿದ್ದೇನೆ. ಆದರೆ ಕೊಲೆ ಸಾಬೀತು ಮಾಡಲು ಹೆಣ ಇರಲಿಲ್ಲ. ಕೊಯಮತ್ತೂರಿನ ಕೋರ್ಟಿನಲ್ಲಿ ಕೆಲವು ಅಧಿಕಾರಿಗಳಿಗೆ ಸಣ್ಣ ಶಿಕ್ಷೆ ಆಯಿತು, ಮೇಲಿನ ಕೋರ್ಟಿನಲ್ಲಿ ಅದೂ ಬಿತ್ತು. ಕರುಣಾಕರನ್ ಮತ್ತೆ ಮುಖ್ಯಮಂತ್ರಿಯಾದರು, ಒಂದಲ್ಲ ಹಲವು ಸಲ. ರಾಜನ್ ತಾಯಿ ರಾಧಾ ಅವರಿಗೆ ಮಗ ಸತ್ತ ವಿಷಯವನ್ನು ಗಂಡ ಹೇಳಲೇ ಇಲ್ಲ. ಅವರು 2000ದಲ್ಲಿ ತೀರಿಕೊಳ್ಳುವ ತನಕ ಮಗ ಯಾವಾಗ ಬರುತ್ತಾನೆ ಅಂತ ಕೇಳುತ್ತಿದ್ದರು, ಈಚರ ವಾರಿಯರ್ ಏನಾದರೊಂದು ಹೇಳುತ್ತಿದ್ದರು. ಸರ್ಕಾರದ ಸುಳ್ಳನ್ನು ಕೋರ್ಟಿನಲ್ಲಿ ಒಡೆದ ಮನುಷ್ಯ ಮನೆಯಲ್ಲಿ ದಿನಾ ಒಂದು ಸುಳ್ಳು ಕಾಪಾಡಿಕೊಂಡು ಬರಬೇಕಾಯಿತು. 2006ರ ಏಪ್ರಿಲ್‌ನಲ್ಲಿ ಅವರೂ ಹೋದರು.

ನಮ್ಮಲ್ಲಿ ತುರ್ತು ಪರಿಸ್ಥಿತಿ ಅಂದರೆ ಜೂನ್ 25ಕ್ಕೆ ಒಂದು ಭಾಷಣ. ಜೈಲಿಗೆ ಹೋಗಿ ಬಂದವರು ತಮ್ಮ ಜೈಲಿನ ಕತೆ ಹೇಳುತ್ತಾರೆ, ಹೇಳಲಿ, ಅವರು ಅನುಭವಿಸಿದ್ದು ಸುಳ್ಳಲ್ಲ. ಆದರೆ ಅವರೂ ಆಮೇಲೆ ಅಧಿಕಾರಕ್ಕೆ ಬಂದರು. ಮಿಸಾ ಹೋಯಿತು, ಭಯೋತ್ಪಾದನೆ ತಡೆಯುವ ಹೆಸರಿನಲ್ಲಿ ಟಾಡಾ ಕಾಯ್ದೆ ಬಂತು. ಟಾಡಾ ಹೋಯಿತು, ಪೋಟಾ ಬಂತು. ಅದೂ ಹೋಯಿತು, ಈಗ ಅದೇ ಥರದ ಯುಎಪಿಎ ಕಾಯ್ದೆ ಇದೆ. ವಿಚಾರಣೆ ಇಲ್ಲದೆ ವರ್ಷಗಟ್ಟಲೆ ಒಳಗಿರುವವರ ಸುದ್ದಿ ಪೇಪರಿನ ಏಳನೇ ಪುಟದಲ್ಲಿ ಬರುತ್ತದೆ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು. ಜನರನ್ನು ಕಾಣೆ ಮಾಡುವುದರ ವಿರುದ್ಧದ ಒಪ್ಪಂದಕ್ಕೆ 2007ರಲ್ಲಿ ಸಹಿ ಹಾಕಿತು. ಎರಡನ್ನೂ ಅನುಮೋದಿಸಿಲ್ಲ. ನಡುವೆ ಎಷ್ಟು ಪಕ್ಷಗಳು ಬಂದು ಹೋದವು, ನೀವೇ ಎಣಿಸಿ.

ಹಾಗಂತ ಏನೂ ಬದಲಾಗಿಲ್ಲ ಅಂದರೆ ಅದೂ ಸುಳ್ಳು. 1978ರ 44ನೇ ತಿದ್ದುಪಡಿ ಆದ ಮೇಲೆ ತುರ್ತು ಪರಿಸ್ಥಿತಿಯಲ್ಲೂ ಜೀವದ ಹಕ್ಕನ್ನು ಅಮಾನತಿನಲ್ಲಿ ಇಡುವ ಹಾಗಿಲ್ಲ. 1976ರ ಆ ತೀರ್ಪನ್ನು ಸುಪ್ರೀಂ ಕೋರ್ಟೇ 2017ರ ಆಗಸ್ಟ್ 24ರಂದು ಅಳಿಸಿ ಹಾಕಿತು. 2017ರ ಕೇಸು ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಹೋಗಿದ್ದು ಆಧಾರ್ ವಿಷಯಕ್ಕೆ. ಹಳೇ ತೀರ್ಪು ಬರೆದವರಲ್ಲಿ ಒಬ್ಬರ ಮಗನೇ, ಅದು ಗಂಭೀರವಾದ ತಪ್ಪು ಅಂತ ಬರೆದರು. ತಂದೆ ವೈ.ವಿ. ಚಂದ್ರಚೂಡ್, ಮಗ ಡಿ.ವೈ. ಚಂದ್ರಚೂಡ್. ಪೇಪರಿನವರಿಗೆ ಆ ಅಪ್ಪ-ಮಗನ ಕತೆ ಬಹಳ ಹಿಡಿಸಿತು. ನನಗೆ ಮಾತ್ರ ಅದಕ್ಕೆ 41 ವರ್ಷ ಬೇಕಾಯಿತಲ್ಲ ಅನ್ನಿಸಿತು.

ನನಗೆ ಇದೆಲ್ಲಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ಒಂದು ಹಾಳೆ. ಅರೆಸ್ಟ್ ಮೆಮೊ. 1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಡಿ.ಕೆ. ಬಸು, ಲಾಕಪ್ಪಿನಲ್ಲಿ ಜನ ಸಾಯುತ್ತಿದ್ದಾರೆ ಅಂತ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಒಂದು ಪತ್ರ ಬರೆದರು. ಮತ್ತೆ ಪತ್ರ! ಅದನ್ನೇ ಅರ್ಜಿ ಅಂತ ತೆಗೆದುಕೊಂಡು ಕೋರ್ಟು 1996ರ ಡಿಸೆಂಬರಿನಲ್ಲಿ ಹನ್ನೊಂದು ನಿಯಮ ಹಾಕಿತು. ಹಿಡಿದ ದಿನ, ಹಿಡಿದ ಹೊತ್ತು ಬರೆಯಬೇಕು. ಹಿಡಿದವರ ಎದೆಯ ಮೇಲೆ ಹೆಸರು ಕಾಣಬೇಕು. ಮನೆಯವರೋ ಊರಿನ ಮರ್ಯಾದಸ್ಥರೋ ಒಬ್ಬರಾದರೂ ಸಾಕ್ಷಿಯಾಗಿ ಸಹಿ ಹಾಕಬೇಕು. ಎಲ್ಲಿಟ್ಟಿದ್ದಾರೆ ಅಂತ ಮನೆಗೆ ತಿಳಿಸಬೇಕು. ಈಗ ಇದು ಕಾನೂನಿನ ಪುಸ್ತಕದಲ್ಲೇ ಸೇರಿದೆ. ಓದಿದರೆ ಗುಮಾಸ್ತರ ಕೆಲಸದ ಹಾಗೆ ಕಾಣುತ್ತದೆ. ಆದರೆ ಒಂದೊಂದು ಸಾಲಿನ ಹಿಂದೆಯೂ ಒಂದೊಂದು ದಾವಣಗೆರೆ ಬಸ್ ಸ್ಟ್ಯಾಂಡ್ ಇದೆ.

ಬೆಂಗಳೂರಿನ ಆ ಹಳೇ ಜೈಲು ಈಗ ಫ್ರೀಡಂ ಪಾರ್ಕ್. ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದರು, ನಡುವಿನ ಕಾವಲು ಗೋಪುರ ಉಳಿಯಿತು. ನಗರದಲ್ಲಿ ಧರಣಿ ಕೂರಬೇಕು ಅಂದರೆ ಈಗ ಇಲ್ಲೇ ಕೂರಬೇಕು, ಬೇರೆ ಕಡೆ ಬಿಡುವುದಿಲ್ಲ. ಯಾರು ಯೋಚನೆ ಮಾಡಿದರೋ ಏನೋ, ಪ್ರತಿಭಟನೆಗೆ ಜಾಗ ಅಂತ ಜೈಲನ್ನೇ ಕೊಟ್ಟಿದ್ದಾರೆ. ಆಶಾ ಕಾರ್ಯಕರ್ತೆಯರ ಧರಣಿ ನಡೆದಾಗ ನಾನೊಮ್ಮೆ ಹೋಗಿದ್ದೆ. ಹೆಂಗಸರು ಟಾರ್ಪಾಲಿನ ಮೇಲೆ ಕೂತು ಚಿತ್ರಾನ್ನದ ಪೊಟ್ಟಣ ಬಿಚ್ಚುತ್ತಿದ್ದರು. ಸ್ನೇಹಲತಾ ಇದ್ದ ಸೆಲ್ಲು ಯಾವ ಕಡೆ ಇತ್ತು ಅಂತ ಗಾರ್ಡನ್ನು ಕೇಳಿದೆ. ಅವನಿಗೆ ಆ ಹೆಸರು ಗೊತ್ತಿರಲಿಲ್ಲ.

ಸರಿ, ಎದುರುಮನೆ ಹುಡುಗನ ವಿಷಯ.

ಬೆಳಗ್ಗೆ ಏಳು ಗಂಟೆಗೆ ಒಳಗಿನಿಂದ ಕರೆ ಬಂತು. ಹುಡುಗ ಗೋಡೆಗೆ ಒರಗಿ ನಿಂತಿದ್ದ. ಕೆನ್ನೆ ಸ್ವಲ್ಪ ಊದಿತ್ತು, ಬೇರೇನೂ ಕಾಣಲಿಲ್ಲ. ಯಾವುದೋ ಗಲಾಟೆಯಲ್ಲಿ ಇವನೂ ಇದ್ದ ಅಂತ ಯಾರೋ ಹೇಳಿದ್ದಾರೆ, ಜಾಮೀನು ಸಿಗುವ ಕೇಸು, ಸಹಿ ಹಾಕಿ ಕರೆದುಕೊಂಡು ಹೋಗಿ ಅಂದರು. ರಾತ್ರಿಯ ರೈಟರ್ ಡ್ಯೂಟಿ ಮುಗಿಸಿ ಹೋಗಿದ್ದ. ಹೊಸಬ ಒಂದು ಹಾಳೆ ಮುಂದಿಟ್ಟ. ಬಂಧನದ ಸಮಯ ಅನ್ನುವ ಕಡೆ ನೀಲಿ ಇಂಕಿನಲ್ಲಿ 'ಬೆಳಗ್ಗೆ 6.40' ಅಂತಿತ್ತು.

ಅಕ್ಕ ಏಳನೇ ಕ್ಲಾಸಿನ ತನಕ ಓದಿದವರು. ಹಾಳೆಯನ್ನು ಕಿಟಕಿ ಹತ್ತಿರ ತೆಗೆದುಕೊಂಡು ಹೋಗಿ ಪೂರ್ತಿ ಓದಿದರು.

"ಟೈಮು ತಪ್ಪಾಗಿದೆ ಸಾರ್."

"ಅದೆಲ್ಲ ಫಾರ್ಮಾಲಿಟಿ ಅಮ್ಮ. ಸಹಿ ಮಾಡಿ."

ಅಕ್ಕ ನನ್ನ ಕಡೆ ಕೈ ಚಾಚಿದರು. ಪೆನ್ನು ಕೊಟ್ಟೆ. ಸಹಿ ಹಾಕುವ ಜಾಗದಲ್ಲಿ ತಮ್ಮ ಹೆಸರು ಬರೆದರು. ಅದರ ಕೆಳಗೆ, ಸಾಲು ಸ್ವಲ್ಪ ಓರೆಯಾಗಿ, ನಿಧಾನಕ್ಕೆ ಬರೆದರು: 'ಹಿಡಿದದ್ದು ನಿನ್ನೆ ರಾತ್ರಿ 10 ಗಂಟೆಗೆ. ಟೀ ಅಂಗಡಿ ಹತ್ತಿರ.'

ಆ ಪೇದೆ ಹಾಳೆಯನ್ನು ನೋಡಿದ. ಅಕ್ಕನನ್ನು ನೋಡಿದ. ಆಮೇಲೆ ಫೈಲಿಗೆ ಸೇರಿಸಿದ. ಒಂದು ಕಾಪಿ ಬೇಕು ಅಂತ ಅಕ್ಕ ಅಲ್ಲೇ ನಿಂತರು. ಜೆರಾಕ್ಸ್ ಅಂಗಡಿ ಇನ್ನೂ ತೆರೆದಿಲ್ಲ ಅಂದ. "ತೆರೆಯೋ ತನಕ ಕೂತಿರ್ತೀನಿ ಬಿಡಿ" ಅಂತ ಅಕ್ಕ ಮತ್ತೆ ಅದೇ ಬೆಂಚಿನ ಮೇಲೆ ಕೂತರು.